ಬಚ್ಚಲುಮನೆ ಪಾಠ

"ಈ ಇಂಟರ್‌ನೆಟ್ಟಿಂದಾನೇ ನಿನ್ನ ತಲೆ ಕೆಟ್ಟು ಕೆರ ಹಿಡಿದಿರೋದು!" ದರ್ಜಿ ಅಪ್ಪ ಮಗಳ ಕೈಯಿಂದ ಮೊಬೈಲು ಕಿತ್ತು ಜೇಬಿಗೆ ತುರುಕಿದ. "ಏನು ಡೌಟಿದ್ರೂ ನನ್ನ ಕೇಳು. ನಾನೇನು ಸತ್ತಿದೀನಾ?"

ಎಂಟನೇ ಕ್ಲಾಸಿನ ಮಗಳು ಪುಸ್ತಕ ಮುಂದೆ ತಳ್ಳಿದಳು. "ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ ಪ್ಲಸ್ ಯಾಕಪ್ಪಾ ಬರುತ್ತೆ? ನಾಳೆ ಪರೀಕ್ಷೆ."

ಅಪ್ಪ ಕೊರಳಲ್ಲಿದ್ದ ಅಳತೆ ಟೇಪನ್ನು ಅತ್ತಿತ್ತ ಎಳೆದಾಡಿದ. "ಬರುತ್ತೆ ಅಂದ್ರೆ ಬರುತ್ತೆ... ಇರು, ಮುಖ ತೊಳ್ಕೊಂಡು ಬಂದು ಹೇಳ್ತೀನಿ." ಬಚ್ಚಲುಮನೆ ಹೊಕ್ಕವನೇ ಚಿಲಕ ಹಾಕಿ, ನಲ್ಲಿಯನ್ನು ಜೋರಾಗಿ ಬಿಟ್ಟು, ಮೊಬೈಲಲ್ಲಿ ಗಣಿತದ ವಿಡಿಯೋ ಹುಡುಕಿ ಹಾಕಿ ಕಿವಿಗೆ ಒತ್ತಿಕೊಂಡ. ವಿಡಿಯೋದ ಮೇಷ್ಟ್ರು ಅದನ್ನೇ ಬಿಡಿಸಿ ಹೇಳುತ್ತಿದ್ದರು. ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಹಲ್ಲು ಕಡಿಯುತ್ತಾ ಮತ್ತೆ ಮೊದಲಿಂದ ಹಾಕಿದ.

ಮಗಳು ಬಾಗಿಲು ಟಕಟಕ ಬಡಿದಳು. "ಅಪ್ಪಾ, ಆ ನಲ್ಲಿ ನಿಲ್ಲಿಸು. ಮೇಷ್ಟ್ರು ಹೇಳೋದು ನನಗೂ ಕೇಳಿಸಲಿ."