ದೊರೆಗೆ ಏಕವಚನ

"ದೊರೆಯೇ, ನೀವು ಮರಳಿ ಪಟ್ಟವೇರಿರಬಹುದು, ಆದರೆ..."

"ನಿಲ್ಲಿಸು ಮಾರಾಯಾ!" ನಾಟಕದ ನಿರ್ದೇಶಕ ಸುಕೇಶ್ ತಲೆ ಚಚ್ಚಿಕೊಂಡ. "ನೀವು ಅಲ್ಲ, ನೀನು! ದಂಗೆಯೆದ್ದು ನೀವೆಲ್ಲ ಸೇರಿ ಓಡಿಸಿದ ರಾಜ ವಾಪಸ್ ಬಂದು ನಿಮ್ಮನ್ನೆಲ್ಲ ಜೈಲಿಗೆ ಹಾಕಿ ಆಗಿದೆ. ನಾಳೆ ವಿಚಾರಣೆ, ನಾಡಿದ್ದು ಗಲ್ಲು. ಇನ್ನೂ ಅವನಿಗೆ ಎಂಥದ್ದು ಮರ್ಯಾದೆ?"

ರಟ್ಟಿನ ಕಂಬಿಗಳ ಹಿಂದೆ ಶಿವಶರಣ ಬೆವರು ಒರೆಸಿಕೊಂಡ. ಕೊಲ್ಲಿ ನಾಡಿನ ಸೊಹಾರಿನಲ್ಲಿರುವ ಕನ್ನಡಿಗರ ನಾಟಕದಲ್ಲಿ ದೊರೆಯ ಪಾತ್ರ ಯಾವತ್ತೂ ದೊಡ್ಡ ಹುದ್ದೆಯವರದು. ಈ ಸಲದ ದೊರೆ ಜಮಖಂಡಿ ಸಾಹೇಬರು, ಉಕ್ಕಿನ ಕಾರ್ಖಾನೆಯಲ್ಲಿ ಅವನ ಮ್ಯಾನೇಜರ್. ಅವನ ಕೆಲಸದ ಕರಾರು ಇದೇ ತಿಂಗಳು ಮುಗಿಯುತ್ತಿತ್ತು. ಇಟ್ಟುಕೊಳ್ಳುವುದೋ, ಊರಿಗೆ ಕಳಿಸುವುದೋ, ಎಲ್ಲ ಅವರ ಒಂದು ಸಹಿಯಲ್ಲಿತ್ತು. ಅಂಥವರನ್ನು ನೀನು ಎನ್ನಲು ಎಂಟೆದೆ ಬೇಕು! ಸಾಹೇಬರಂತೂ ಮೊಬೈಲಿನಿಂದ ತಲೆ ಎತ್ತಲೇ ಇಲ್ಲ.

ಮನೆಯಲ್ಲಿ ಹೆಂಡತಿ ತ್ರಿವೇಣಿ, "ಇನ್ನೂ ಹೊಳಿ ದಾಟಿಲ್ಲರಿ. ಅಂಬಿಗನ್ನ ಯಾಕ ಎದುರ ಹಾಕ್ಕೋತೀರಿ?" ಎಂದಳು.

"ನಾಟಕ ಐತದು. ಖರೇ ಏನು?"

"ಸಾಹೇಬ್ರಿಗೆ ಹಂಗ ಅನಿಸ್ಬೇಕಲ್ರಿ!"

ವಾರದ ರಜೆ ಮುಗಿಯುವ ಶನಿವಾರ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಕಿರೀಟ ತೊಟ್ಟ ಸಾಹೇಬರು ಸೆರೆಮನೆಗೆ ಬಂದು, ಬಂದಿಯನ್ನು ಮೇಲಿಂದ ಕೆಳಗೆ ನೋಡಿ, "ಮಂಡಿಯೂರು" ಎಂದರು. ದಿನಾ ಕಾರ್ಖಾನೆಯಲ್ಲಿ ಕೇಳುವ ಅದೇ ದನಿ, ಅದೇ ಗತ್ತು. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಶಿವಶರಣನ ಗಂಟಲಿಗೆ ಬಂತು.

"ಊರುವುದಿಲ್ಲ! ನೀನು ಯಾವ ಸೀಮೆಯ ದೊರೆಯೋ? ನಿನ್ನ ಕಿರೀಟಕ್ಕಿಂತ ನನ್ನ ಬೇಡಿಯೇ ಮೇಲು!"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆಯ ಮರೆಯಲ್ಲಿ ಸುಕೇಶ್ ಕುಣಿದೇಬಿಟ್ಟ. ಆಹಾ, ಎದೆ ಎಷ್ಟು ಹಗುರ! ಸಹಿಯೂ ಬೇಡ, ಸೊಹಾರೂ ಬೇಡ ಅನಿಸಿಬಿಟ್ಟಿತು ಶಿವಶರಣನಿಗೆ.

ಇನ್ನು ದೊರೆಯ ಸರದಿ. "ನಾಳೆ ನ್ಯಾಯಸಭೆಗೆ ಬಾ" ಎನ್ನಬೇಕಿತ್ತು. ಸಾಹೇಬರ ಮುಖ ಕೆಂಪಗಾಗಿತ್ತು. ಮಾತು ಮರೆತರೋ, ಸಿಟ್ಟೇ ಬಂದಿತ್ತೋ, ಶಿವನೇ ಬಲ್ಲ. ಬೆರಳೆತ್ತಿ ಗುಡುಗಿದರು:

"ನಾಳೆ ನನ್ನ ಕ್ಯಾಬಿನ್ನಿಗೆ ಬಾ!"

ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ತ್ರಿವೇಣಿ ಒಬ್ಬಳೇ ನಗಲಿಲ್ಲ. ಕಂಬಿಗಳ ಹಿಂದಿನ ದಂಗೆಕೋರ, ಬೇಡಿ ತೊಟ್ಟ ಎರಡೂ ಕೈ ಜೋಡಿಸಿ ಕೇಳಿದ:

"ಎಷ್ಟ ಗಂಟೇಕ ಬರ್ಲಿರಿ, ಸರ್?"