ಕುಲುಮೆಗೆ ರಜೆ

"ಇದನ್ನ ಯಾರು ಆರಿಸಿದ್ರು?"

ಎಂಬತ್ಮೂರನೇ ಇಸವಿಯ ಮಹಾನವಮಿ, ಆಯುಧಪೂಜೆಯ ದಿನ ಹಳಿಯಾಳದ ಮನೆಯಲ್ಲಿ ಹೋಳಿಗೆ ಉಂಡು, ಮಧ್ಯಾಹ್ನದ ಬಸ್ಸಿಗೆ ದಾಂಡೇಲಿಗೆ ಓಡಿ ಬಂದ ಬಸಲಿಂಗಯ್ಯ ಮಾಸ್ತರರು ಕಾಲೇಜಿನ ಪ್ರಯೋಗಶಾಲೆಯ ಬಾಗಿಲಲ್ಲೇ ನಿಂತುಬಿಟ್ಟರು. ವಿದ್ಯುತ್ ಕುಲುಮೆಯ ಕೆಂಪು ದೀಪ ಆರಿತ್ತು. ಇಟ್ಟಿಗೆಯ ಮೈಗೆ ಮೂರೆಳೆ ವಿಭೂತಿ, ಮೇಲೊಂದು ಚೆಂಡುಹೂವಿನ ಸರ.

"ನಾನ ಆರಿಸೀನ್ರಿ ಸರ," ಜವಾನ ಮಲಕಪ್ಪ ಹಬ್ಬದ ಸಂಭ್ರಮದಲ್ಲೇ ಅಂದ. "ಇವತ್ತ ಖಂಡೇಪೂಜಿ ಅಲ್ಲೇನ್ರಿ? ಪ್ಯಾಟ್ಯಾಗ ಹಿಟ್ಟಿನ ಗಿರಣಿ ಸೈತ ನಿಂತೈತಿ. ಇದೂ ಪಾಪ, ಹಗಲೂ ರಾತ್ರಿ ಒಂದ ಸವನ ಉರಿಯಾಕ್ಹತ್ತೈತಿ. ಮುಂಜಾನೆ ಪೂಜಿ ಮಾಡಿ ಬಿಡುವು ಕೊಟ್ಟೇನಿ. ಸಂಜಿಗೆ ಮತ್ತ ಹಚ್ಚತೇನ್ರಿ."

ಒಳಗಿದ್ದದ್ದು ಹರಳು. ಬೆಳ್ಳಿ, ಗ್ಯಾಲಿಯಂ, ಗಂಧಕ ಕರಗಿಸಿ ಗಾಜಿನ ಕೊಳವೆಯಲ್ಲಿ ವಾರಗಟ್ಟಲೆ ಬೆಳೆಸಿದ್ದು. ಅದರೊಳಗೆ ಒಂದು ಬೆಳಕು ಬಿಟ್ಟರೆ, ಕಣ್ಣಿಗೆ ಕಾಣದ, ಬರೀ ಬೆಚ್ಚಗೆ ತಾಗುವ ಬೇರೊಂದು ಬೆಳಕಾಗಿ ಹೊರಬರಬೇಕು. ಹರಳನ್ನು ಕೂದಲೆಳೆಯಷ್ಟು ಓರೆ ಮಾಡಿದರೆ ಆ ಬೆಳಕೂ ಬದಲಾಗಬೇಕು. ಇಂಥದ್ದನ್ನು ದಾಂಡೇಲಿಯಲ್ಲಿ ಬೆಳೆಸುತ್ತೇನೆಂದಾಗ ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲ ನಕ್ಕಿದ್ದರು. ಈ ಹರಳು ಅವರ ಬಾಯಿ ಮುಚ್ಚಿಸಬೇಕಿತ್ತು. ಉಳಿದದ್ದು ಕಾವಿಳಿಸುವುದೊಂದೇ, ಹಸುಗೂಸನ್ನು ಎದೆಯಿಂದ ತೊಟ್ಟಿಲಿಗೆ ಇಳಿಸಿದಷ್ಟು ಮೆಲ್ಲಗೆ; ಒಮ್ಮೆಲೇ ತಣಿದರೆ ಹರಳು ಬಿರಿಯುತ್ತದೆ. ಕರೆಂಟು ಹೋದರೆ ಏನು, ತಂತಿ ಸುಟ್ಟರೆ ಏನು ಎಂದೆಲ್ಲ ಮಲಕಪ್ಪನಿಗೆ ಹೇಳಿದ್ದರು. ಹಬ್ಬ ಬಂದರೆ ಏನು ಮಾಡಬೇಕೆಂದು ಹೇಳಿರಲಿಲ್ಲ.

"ತಲಿ ಐತಿಲ್ಲೋ ನಿನಗ! ನನ್ನ ಬಾಯಾಗ ಮಣ್ಣ ಹಾಕಿದಿ!"

ಅಪ್ಪನ ವಯಸ್ಸಿನ ಮನುಷ್ಯನಿಗೆ ಹಾಗೆ ಒದರಬಾರದಿತ್ತು. ಒದರಿದರು. ಅಷ್ಟಕ್ಕೇ ನಿಲ್ಲದೆ ಕುಲುಮೆಯ ಮುಚ್ಚಳಕ್ಕೆ ಕೈ ಹಾಕಿದರು.

"ಇನ್ನೂ ಬಿಸಿ ಐತ್ರಿ ಸರ, ಕೈ ಸುಟ್ಗೊಂಡೀರಿ!"

ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಇಕ್ಕಳದಿಂದ ಕೊಳವೆ ಎತ್ತಿ ಕಿಟಕಿಯತ್ತ ಹಿಡಿದರು. ಹರಳು ಇಡಿಯಾಗಿತ್ತು. ಒಂದು ಗೆರೆಯೂ ಇಲ್ಲದೆ, ಜೇನಿನ ಬಣ್ಣದಲ್ಲಿ, ಇಡಿಯಾಗಿತ್ತು. ದಪ್ಪ ಇಟ್ಟಿಗೆ ತನ್ನ ಕಾವನ್ನು ಮೆಲ್ಲಗೆ ಬಿಟ್ಟುಕೊಡುತ್ತ ಮುಂಜಾನೆಯಿಂದ ಅದನ್ನು ಕಾಪಾಡಿತ್ತು. ಮುಚ್ಚಳ ತೆಗೆಯದೆ ಸುಮ್ಮನಿದ್ದಿದ್ದರೆ ಸಾಕಿತ್ತು. ಅದು ಮಾಸ್ತರರಿಗೆ ಹೊಳೆಯುವಷ್ಟರಲ್ಲಿ ಕಿಟಕಿಯ ತಣ್ಣನೆ ಗಾಳಿ ತಾಗಿ, ಹರಳು ಟಿಣ್ ಎಂದಿತು. ಮತ್ತೊಮ್ಮೆ ಟಿಣ್. ನೋಡನೋಡುತ್ತಿದ್ದಂತೆ ಹರಳಿನ ತುಂಬ ಬಿರುಕು.

ಮಲಕಪ್ಪನ ಕಣ್ಣಲ್ಲಿ ನೀರಾಡಿತು.

"ನಾ ಆರಿಸಿದ್ದಕ್ಕ ಒಡೀತಲ್ರಿ, ಸರ?"

ಅಲ್ಲ ಎನ್ನಲು ಒಂದು ಮಾತು ಸಾಕಾಗಿತ್ತು. ಆಮೇಲೆ ಎಷ್ಟೋ ವರ್ಷ, ಮಲಕಪ್ಪ ತೀರಿಕೊಂಡ ಮೇಲೂ, ಬಸಲಿಂಗಯ್ಯ ಮಾಸ್ತರರು ಒಬ್ಬರೇ ಇದ್ದಾಗ ಆ ಮಾತನ್ನು ಆಡಿಕೊಂಡದ್ದುಂಟು.

ಅವತ್ತು ಮಾತ್ರ "ಹೂಂ" ಅಂದರು.