ಅರವತ್ನಾಲ್ಕು ಜಿಬಿ

ಕೊನೆಯ ವಿಡಿಯೊದಿಂದ ಹಿಂದಕ್ಕೆ ಒಂದೊಂದನ್ನೇ ಒತ್ತುತ್ತ ಬಂದ ಭಾಲ್ಕಿಯ ಮೊಬೈಲ್ ಅಂಗಡಿಯ ಮಡೆಪ್ಪ. ಒತ್ತಿದ್ದು ಯಾವುದೂ ತೆರೆಯಲಿಲ್ಲ. ಕಂಪ್ಯೂಟರಿನಲ್ಲಿ ಹಾಡಿನ ಹೆಸರುಗಳು ಮಾತ್ರ ಸಾಲಾಗಿ ನಿಂತಿದ್ದವು.

"ಪೆನ್ ಡ್ರೈವ್ ಡೂಪ್ಲಿಕೇಟ್ ಅದರಿ ಟೀಚರ್. ಮ್ಯಾಲ ಅರವತ್ನಾಲ್ಕು ಜಿಬಿ ಅಂತ ಬರದಾರ, ಒಳಗ ಒಂದು ಜಿಬಿನೂ ಪೂರಾ ಇಲ್ಲ. ಅದು ತುಂಬಿದ ಮ್ಯಾಲ ಏನ್ ಹಾಕಿದ್ರೂ ಬರೇ ಹೆಸರು ಉಳೀತದ," ಎಂದ.

ಪಕ್ಕದ ಬೆಂಚಿನತ್ತ ತಿರುಗಲು ಟೀಚರ್ ಕೌಸಲ್ಯಾಬಾಯಿಗೆ ಧೈರ್ಯವಾಗಲಿಲ್ಲ. ಅಲ್ಲಿ ಔರಾದಿನ ಶೇವಂತಾಬಾಯಿಯ ಮಗಳು ಅನುಸೂಯಾ ಕೂತಿದ್ದಳು. ಬರಕ್ಕೆ ಊರು ಬಿಟ್ಟು ಪುಣೆಗೆ ದುಡಿಯಲು ಹೊರಡುವ ಮುಂಚೆ, ಶೇವಂತಾಬಾಯಿ ಎಂಟು ದಿನ ಕೂತು ತನಗೆ ಬರುವ ಬೀಸುಕಲ್ಲಿನ ಹಾಡುಗಳನ್ನೆಲ್ಲ ಹಾಡಿದ್ದಳು. ಕೌಸಲ್ಯಾಬಾಯಿ ದಿನವೂ ಮೊಬೈಲಿನಲ್ಲಿ ವಿಡಿಯೊ ತೆಗೆದು, ಅವನ್ನು ಫುಟ್‌ಪಾತಿನಲ್ಲಿ ಅಗ್ಗಕ್ಕೆ ಕೊಂಡ ಈ ಪೆನ್ ಡ್ರೈವಿಗೆ ಹಾಕಿ, ಮೊಬೈಲಿನಿಂದ ಅಳಿಸಿದ್ದಳು. ಮುದುಕಿ ಹೋದ ತಿಂಗಳು ಪುಣೆಯಲ್ಲೇ ತೀರಿಕೊಂಡಳು.

"ಎಲ್ಲಾಕಿಂತ ಮೊದಲಿಂದು ಹಚ್ಚಿ ನೋಡ್ರಿ ಅಣ್ಣಾ," ಎಂದಳು ಅನುಸೂಯಾ.

ಅದೊಂದು ತೆರೆಯಿತು. ಹಾಡು ಶುರುವಾಗುವ ಮುಂಚಿನ ಮಾತು. ಮುದುಕಿ ಹೊಸ ಪೆನ್ ಡ್ರೈವನ್ನು ಅಂಗೈಯಲ್ಲಿ ಹೊರಳಿಸುತ್ತ ಕೇಳುತ್ತಿದ್ದಳು: "ಇಷ್ಟೇ ಇಷ್ಟು ಅದ. ಇದರಾಗ ನನ್ನ ಹಾಡೆಲ್ಲಾ ಹಿಡಿಸ್ತಾವೇನ್ರಿ ಟೀಚರ್?"

ವಿಡಿಯೊ ತೆಗೆಯುತ್ತಿದ್ದ ಕೌಸಲ್ಯಾಬಾಯಿಯ ನಗು ಕೇಳಿಸಿತು. "ಹಾಡ್ರಿ ಆಯಿ. ನಿಮ್ಮ ಹಾಡೇ ತೀರಬೇಕು, ಇದರಾಗಿನ ಜಾಗಾ ತೀರಂಗಿಲ್ಲ."